ಕಾಫಿ ದರಪಟ್ಟಿಯನ್ನು ಕೊನೆಯ ಸಾಲಿನವರೆಗೆ ಸ್ಕ್ರಾಲ್ ಮಾಡಿಸಿದ ಬಗೆ

ಸುಂಟಿಕೊಪ್ಪದ ಬಳಿಯ ಕಾಫಿ ತೋಟವೊಂದರ ಲೆಕ್ಕಪತ್ರ ನೋಡಿಕೊಳ್ಳುವ ನಾನು, 50 ಕಿಲೋ ಚೀಲಕ್ಕೆ ಹಿಂದಿನ ವರ್ಷಗಳಲ್ಲಿದ್ದ ದರಗಳನ್ನು ಒಂದೆಡೆ ಸೇರಿಸಬೇಕಾಗಿತ್ತು. ವ್ಯಾಪಾರಿಯೊಬ್ಬರ ಜಾಲತಾಣದಲ್ಲಿ ಆ ಪಟ್ಟಿ ಇತ್ತಾದರೂ, ಕೆಳಗೆ ಸರಿಸಿದಂತೆಲ್ಲ ಹಳೆಯ ಸಾಲುಗಳು ಕಂತುಕಂತಾಗಿ ಬರುತ್ತಿದ್ದವು. ಅವರ ಒಪ್ಪಿಗೆ ಪಡೆದು, ಬ್ರೌಸರನ್ನು ಪ್ರೋಗ್ರಾಂ ಮೂಲಕ ನಡೆಸುವ ಪ್ಲೇರೈಟ್ ಎಂಬ ಸಾಧನ ಬಳಸಿ ಪೈಥಾನ್‌ನಲ್ಲಿ ಆ ಕೆಲಸಕ್ಕೊಂದು ಸ್ಕ್ರಿಪ್ಟ್ ಬರೆದೆ.

ಮೊದಲಿಗೆ ಪುಟ ಅಲುಗಲೇ ಇಲ್ಲ. ಸ್ಕ್ರಾಲ್ ಆಗಬೇಕಾದದ್ದು ಇಡೀ ಪುಟವಲ್ಲ, ಅದರೊಳಗಿನ ಪಟ್ಟಿಯ ಚೌಕಟ್ಟು ಮಾತ್ರ. ಮೌಸನ್ನು ಆ ಚೌಕಟ್ಟಿನ ಮೇಲಿಟ್ಟು ಚಕ್ರ ತಿರುಗಿಸುವ ಆದೇಶ ಕೊಟ್ಟಾಗ ಪಟ್ಟಿ ಸರಿಯಿತು. ಈ ಆದೇಶ ಸ್ಕ್ರಾಲ್ ಮುಗಿಯುವವರೆಗೆ ಕಾಯುವುದಿಲ್ಲ; ಕಾಯುವ ವ್ಯವಸ್ಥೆಯನ್ನು ನಾವೇ ಮಾಡಬೇಕು. ಎರಡು ಸೆಕೆಂಡು ಕಾದು, ಪಟ್ಟಿಯ ಎತ್ತರ ಹೆಚ್ಚದಿದ್ದರೆ ನಿಲ್ಲುವಂತೆ ಬರೆದಿದ್ದೆ. ಕುಶಾಲನಗರದಲ್ಲಿ ಸರಿಯಾಗಿ ನಡೆದ ಅದೇ ಸ್ಕ್ರಿಪ್ಟ್, ಜುಲೈ ಮಳೆಯಲ್ಲಿ ಸಿಗ್ನಲ್ ಕುಗ್ಗಿದ್ದ ತೋಟದ ಕಚೇರಿಯಲ್ಲಿ ಯಾವ ದೋಷವನ್ನೂ ತೋರಿಸದೆ ಅರ್ಧ ಪಟ್ಟಿಯನ್ನೇ ಪೂರ್ಣವೆಂದು ಒಪ್ಪಿಸಿತು. ತಪ್ಪು ಲೆಕ್ಕಕ್ಕಿಂತಲೂ ಇಂತಹ ಅರೆಬರೆ ಲೆಕ್ಕ ನನ್ನನ್ನು ಹೆಚ್ಚು ಕಾಡುತ್ತದೆ.

ಆಮೇಲೆ ತಿಳಿದದ್ದು ಇನ್ನೂ ಮುಖ್ಯವಾದ ಸಂಗತಿ. ಪಟ್ಟಿ ಎಷ್ಟೇ ಉದ್ದವಾದರೂ ಬ್ರೌಸರ್‌ನಲ್ಲಿ ಒಂದು ಹೊತ್ತಿಗೆ ಸುಮಾರು 40 ಸಾಲುಗಳಷ್ಟೇ ಇರುತ್ತಿದ್ದವು. ಕೆಳಗೆ ಹೊಸವು ಬಂದಂತೆ ಮೇಲಿನವು ಅಳಿಸಿಹೋಗುತ್ತಿದ್ದವು. ಆದ್ದರಿಂದ ತಳ ಮುಟ್ಟಿದ ಮೇಲೆ ಓದುವುದನ್ನು ಬಿಟ್ಟು, ಚೌಕಟ್ಟಿನ ಎತ್ತರದ ಮುಕ್ಕಾಲು ಭಾಗದಷ್ಟು ಸರಿಸಿ, ಕಾಣುವ ಸಾಲುಗಳನ್ನೆಲ್ಲ ಪ್ರತಿ ಹೆಜ್ಜೆಯಲ್ಲೂ ನಿಘಂಟಿನಂತಹ ರಚನೆಯೊಂದರಲ್ಲಿ ಸೇರಿಸತೊಡಗಿದೆ. ಅದರಲ್ಲಿ ಪ್ರತಿ ಸಾಲನ್ನೂ ಒಂದು ಕೀಲಿ, ಅಂದರೆ ಗುರುತಿನ ಹೆಸರು, ಕೊಟ್ಟು ಇಡಬೇಕು; ಅದೇ ಕೀಲಿಯ ಹೊಸ ಸಾಲು ಬಂದರೆ ಹಳೆಯದು ಅಳಿಯುತ್ತದೆ. ದಿನಾಂಕವೊಂದನ್ನೇ ಕೀಲಿಯಾಗಿಟ್ಟಾಗ ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್ ಮೂರೂ ಅಳಿದು ಕೊನೆಗೆ ಬರುವ ರೋಬಸ್ಟಾ ಚೆರಿಯೊಂದೇ ಉಳಿಯುತ್ತಿತ್ತು. ದಿನಾಂಕದ ಜೊತೆಗೆ ಕಾಫಿಯ ಬಗೆಯನ್ನೂ ಸೇರಿಸಿದ ಮೇಲೆ ನಾಲ್ಕೂ ಉಳಿದವು. ನಿಲ್ಲುವ ಸೂಚನೆಯೂ ಇದೇ ರಚನೆಯಿಂದ ದೊರೆಯಿತು: 20 ಸೆಕೆಂಡಿನೊಳಗೆ ಹೊಸ ಕೀಲಿ ಸೇರದಿದ್ದರೆ ಮತ್ತೆ ಪ್ರಯತ್ನ, ಸತತ ಮೂರು ಸಲ ಸೇರದಿದ್ದರೆ ಮಾತ್ರ ಮುಕ್ತಾಯ. ಆ ಮರುಪ್ರಯತ್ನದಲ್ಲಿ ಪಟ್ಟಿಯನ್ನು ಸ್ವಲ್ಪ ಮೇಲೆತ್ತಿ ಮತ್ತೆ ಇಳಿಸುತ್ತೇನೆ. ಏಕೆಂದರೆ ಪಟ್ಟಿಯ ತಳದಲ್ಲಿ ಪುಟವೇ ಇಟ್ಟುಕೊಂಡಿರುವ ಗುರುತೊಂದು ಚೌಕಟ್ಟಿನೊಳಗೆ ಬಂದ ಕ್ಷಣದಲ್ಲಷ್ಟೇ ಪುಟವು ಹೊಸ ಕಂತನ್ನು ಕೇಳುತ್ತದೆ, ಆ ಕೋರಿಕೆ ವಿಫಲವಾದರೆ ಗುರುತು ಒಮ್ಮೆ ಮರೆಯಾಗಿ ಬರಲೇಬೇಕು.

ದಿನಕ್ಕೆ ನಾಲ್ಕು ದರಗಳಿರಬೇಕಾದ್ದರಿಂದ, ಅದಕ್ಕಿಂತ ಕಡಿಮೆ ಸಿಕ್ಕ ದಿನಾಂಕಗಳನ್ನು ಸ್ಕ್ರಿಪ್ಟ್ ಈಗ ಕೊನೆಯಲ್ಲಿ ಪ್ರತ್ಯೇಕವಾಗಿ ಪಟ್ಟಿಮಾಡುತ್ತದೆ. ಅವನ್ನು ನಾನು ಕೈಯಾರೆ ಸರಿಸಿ ನೋಡಿಯೇ ಲೆಕ್ಕಕ್ಕೆ ಸೇರಿಸುತ್ತೇನೆ.