ಕಾಲರ್ ಬೋನ್ ಮುರಿದರೆ: ನೋವು ಇಳಿದ ಮೇಲಿನ ಕೆಲಸವೇ ದೊಡ್ಡದು

ಕಾಲರ್ ಬೋನ್ (ಕತ್ತಿನ ಬುಡದಿಂದ ಭುಜದವರೆಗಿನ ಮೂಳೆ) ಮುರಿತ ಕೆಡುವುದು ಸಾಮಾನ್ಯವಾಗಿ ಮೂರನೇ ವಾರದಲ್ಲಿ. ಅಷ್ಟರಲ್ಲಿ ನೋವು ಬಹುಪಾಲು ಇಳಿದಿರುತ್ತದೆ, ಬೆರಳುಗಳು ಚೆನ್ನಾಗಿ ಆಡುತ್ತವೆ, ತೋಟದಲ್ಲಿ ಆಳು ಸಾಲದೆ ಫೋನ್ ಬರುತ್ತದೆ. ಕತ್ತಿನಿಂದ ಕೈ ತೂಗುಹಾಕುವ ಬಟ್ಟೆಯ ಸ್ಲಿಂಗ್ ಕಳಚಿ ಮೊಳೆಗೆ ನೇತುಹಾಕಿ, ರೊಬಸ್ಟಾ ಕಾಫಿ ಗಿಡದ ಮೇಲಿನ ಕೊಂಬೆಯನ್ನು ಎಳೆಯಲು ಕೈ ಎತ್ತುತ್ತಾರೆ. ಇದಕ್ಕೆ ತದ್ವಿರುದ್ಧ ಇನ್ನೊಂದು ಗುಂಪು: ಹೆದರಿ ಎರಡು ತಿಂಗಳು ತೋಳನ್ನು ಹೊಟ್ಟೆಗೇ ಕಟ್ಟಿಟ್ಟುಕೊಳ್ಳುವವರು. ಇವರ ಮೂಳೆ ಕೂಡುತ್ತದೆ, ಆದರೆ ಭುಜ ಹಿಡಿದುಬಿಡುತ್ತದೆ, ಆಮೇಲೆ ತಲೆ ಬಾಚಲೂ ಆಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಇನ್ನೂ ಬೇಗ.

ಎರಡೂ ತಪ್ಪಿಸಲು ಒಂದು ವಿಷಯ ಗೊತ್ತಿದ್ದರೆ ಸಾಕು. ತೋಳನ್ನು ಭುಜದ ಮಟ್ಟದವರೆಗೆ ಎತ್ತುವಾಗ ಹೆಚ್ಚಿನ ಚಲನೆ ಭುಜದ ಕೀಲಿನಲ್ಲೇ ಆಗುತ್ತದೆ. ಅದಕ್ಕಿಂತ ಮೇಲೆ ಹೋದಂತೆ ಬೆನ್ನಿನ ರೆಕ್ಕೆ ಮೂಳೆ ವಾಲುತ್ತದೆ, ಅದರೊಂದಿಗೆ ಕಾಲರ್ ಬೋನ್ ತನ್ನದೇ ಅಚ್ಚಿನ ಮೇಲೆ ಹಿಂದಕ್ಕೆ ತಿರುಗುತ್ತದೆ. ಇನ್ನೂ ಗಟ್ಟಿಯಾಗದ ಮುರಿತವನ್ನು ಈ ತಿರುಚು ಅಲುಗಾಡಿಸುತ್ತದೆ. ಹಾಗಾಗಿ ಮೊದಲ 6 ವಾರ ಮೊಣಕೈ ಭುಜದ ಮಟ್ಟ ದಾಟಬಾರದು. ಆ ಮಟ್ಟದ ಕೆಳಗೆ ಮಾತ್ರ ತೋಳು ದಿನವೂ ಆಡುತ್ತಿರಬೇಕು.

ಇಲ್ಲಿ ಹೇಳುವ ಲೆಕ್ಕ ಮೂಳೆಯ ನಡುಭಾಗ ಮುರಿದು, ಆಪರೇಷನ್ ಇಲ್ಲದೆ ಗುಣವಾಗುತ್ತಿರುವ ದೊಡ್ಡವರಿಗೆ. ಐದರಲ್ಲಿ ಸುಮಾರು ನಾಲ್ಕು ಮುರಿತ ನಡುಭಾಗದಲ್ಲೇ ಆಗುತ್ತವೆ. ಭುಜದ ಕಡೆಯ ತುದಿ ಮುರಿದಿದ್ದರೆ, ಪ್ಲೇಟ್ ಹಾಕಿದ್ದರೆ, ಪಕ್ಕೆಲುಬಿಗೂ ಏಟಾಗಿದ್ದರೆ ದಿನಗಳ ಲೆಕ್ಕ ಬೇರೆ, ಸರ್ಜನ್ ಬರೆದುಕೊಟ್ಟ ಚೀಟಿಯೇ ಅಂತಿಮ. ಸಣ್ಣ ಮಕ್ಕಳಿಗೆ ವ್ಯಾಯಾಮವೇ ಬೇಡ. ಅವರ ಮೂಳೆ ಬೇಗ ಕೂಡುತ್ತದೆ, ಮರ ಹತ್ತದಂತೆ ನೋಡಿಕೊಂಡರೆ ಮುಗಿಯಿತು.

ಮೊದಲು ಸ್ಲಿಂಗ್ ಸರಿಮಾಡಿ

ಮೊಣಕೈ 90 ಡಿಗ್ರಿ ಮಡಿಚಿರಬೇಕು, ಅಂಗೈ ಮೊಣಕೈಗಿಂತ ತುಸು ಮೇಲಿರಬೇಕು, ಬಟ್ಟೆ ಕಿರುಬೆರಳಿನ ಬುಡದವರೆಗೆ ಬರಬೇಕು. ಮಣಿಕಟ್ಟು ಹೊರಗೆ ಜೋತುಬಿದ್ದರೆ ಕೈ ಊದುತ್ತದೆ. ಪಟ್ಟಿ ಸಡಿಲವಾಗಿದ್ದರೆ ತೋಳಿನ ಭಾರವೆಲ್ಲ ಮುರಿದ ಮೂಳೆಯನ್ನು ಕೆಳಕ್ಕೆ ಜಗ್ಗುತ್ತದೆ, ನೋವಿನ ಮಾತ್ರೆ ಎಷ್ಟು ನುಂಗಿದರೂ ಪ್ರಯೋಜನವಿಲ್ಲ. ಪಟ್ಟಿ ಮುರಿದ ಜಾಗದ ಮೇಲೆ ಹಾಯದಂತೆ ನೋಡಿ. ಗಂಟು ಕತ್ತಿನ ಬೆನ್ನೆಲುಬಿನ ಮೇಲೆ ಕೂರದಂತೆ ಪಕ್ಕಕ್ಕೆ ಸರಿಸಿ, ಕೆಳಗೊಂದು ಮಡಿಚಿದ ಕರವಸ್ತ್ರ ಇಡಿ.

ಎರಡೂ ಭುಜಗಳನ್ನು ಹಿಂದಕ್ಕೆಳೆದು ಬೆನ್ನ ಮೇಲೆ ಬಿಗಿಯುವ, 8ರ ಆಕಾರದ ಬೆಲ್ಟ್ ಈಗಲೂ ಮೆಡಿಕಲ್ ಅಂಗಡಿಗಳಲ್ಲಿ ಮಾರಾಟವಾಗುತ್ತದೆ. ನೀವಾಗಿ ಕೊಳ್ಳಬೇಡಿ. ಸಾದಾ ಸ್ಲಿಂಗ್ ಜೊತೆ ಹೋಲಿಸಿ ನೋಡಿದಾಗ ಬೆಲ್ಟ್‌ನಿಂದ ಮೂಳೆ ಹೆಚ್ಚು ಚೆನ್ನಾಗಿ ಕೂಡಿದ್ದು ಕಂಡುಬಂದಿಲ್ಲ. ಕಂಕುಳು ಉಜ್ಜಿ ಹುಣ್ಣಾಗುವುದು, ಬಿಗಿ ಹೆಚ್ಚಾಗಿ ಕೈ ಜೋಮು ಹಿಡಿಯುವುದು ಮಾತ್ರ ಸಾಮಾನ್ಯ. ವೈದ್ಯರೇ ಹಾಕಿದ್ದರೆ ಕಾರಣ ಕೇಳಿ, ಕೇಳದೆ ಬಿಚ್ಚಬೇಡಿ.

ಕೊಡಗಿನ ಮಳೆಗಾಲದಲ್ಲಿ ಎರಡು ಸ್ಲಿಂಗ್ ಬೇಕೇ ಬೇಕು. ಜುಲೈ ತಿಂಗಳಲ್ಲಿ ಒಗೆದದ್ದು ಎರಡು ದಿನವಾದರೂ ಒಣಗುವುದಿಲ್ಲ, ಒದ್ದೆಯದನ್ನೇ ಹಾಕಿಕೊಂಡರೆ ಕಂಕುಳಲ್ಲಿ, ಮೊಣಕೈ ಮಡಿಕೆಯಲ್ಲಿ ಹುಳುಕಡ್ಡಿ ಬರುತ್ತದೆ. ದಿನಕ್ಕೊಮ್ಮೆ ಮುಂದಕ್ಕೆ ಬಾಗಿ ತೋಳನ್ನು ಇಳಿಬಿಟ್ಟರೆ ಕಂಕುಳು ತಾನಾಗಿ ತೆರೆದುಕೊಳ್ಳುತ್ತದೆ, ತೊಳೆದು ಚೆನ್ನಾಗಿ ಒರೆಸಿ. ಇನ್ನೊಂದು ಮಾತು: ಸ್ಲಿಂಗ್‌ನಲ್ಲಿ ಒಂದು ಕೈ, ಕೊಡೆ ಹಿಡಿಯಲು ಇನ್ನೊಂದು ಕೈ ಎಂದಾದರೆ ಜಾರಿದಾಗ ಆಧಾರಕ್ಕೆ ಕೈಯೇ ಇರುವುದಿಲ್ಲ. ಪಾಚಿ ಹಿಡಿದ ಅಂಗಳಕ್ಕೆ ರೈನ್‌ಕೋಟ್ ಹಾಕಿ ಇಳಿಯಿರಿ.

ಬೆರಳು ತಣ್ಣಗಾಗಿ ನೀಲಿಗಟ್ಟಿದರೆ, ಕೈ ಮರಗಟ್ಟಿ ಬಲ ಕಳೆದುಕೊಂಡರೆ, ಮೂಳೆಯ ತುದಿ ಚರ್ಮವನ್ನು ಒಳಗಿನಿಂದ ಒತ್ತಿ ಬಿಳಿಚಿಸಿದರೆ, ಉಸಿರಾಟಕ್ಕೆ ಕಷ್ಟವಾದರೆ ಬೆಳಗಾಗಲಿ ಎಂದು ಕಾಯಬೇಡಿ. ಮಡಿಕೇರಿಯೋ ವಿರಾಜಪೇಟೆಯೋ, ಹತ್ತಿರದ ದೊಡ್ಡ ಆಸ್ಪತ್ರೆಗೆ ರಾತ್ರಿಯಾದರೂ ಹೊರಡಿ.

ಮೊದಲ ದಿನದಿಂದಲೇ

ಮುಷ್ಟಿ ಬಿಗಿದು ಬಿಡುವುದು, ಮಣಿಕಟ್ಟು ತಿರುಗಿಸುವುದು, ಸ್ಲಿಂಗ್ ಕಳಚಿ ಮೊಣಕೈಯನ್ನು ಪೂರ್ತಿ ಚಾಚಿ ಮಡಿಚುವುದು: ತಲಾ 10 ಸಲ, ದಿನಕ್ಕೆ ನಾಲ್ಕೈದು ಬಾರಿ. ಮಲಗುವಾಗ ಬೆನ್ನಿಗೆ ಎರಡು ಮೂರು ದಿಂಬು ಕೊಟ್ಟು ಅರ್ಧ ಒರಗಿ, ಮೊಣಕೈ ಕೆಳಗೆ ಇನ್ನೊಂದು ದಿಂಬು ಇಡಿ. ಅಂಗಿ ಹಾಕುವಾಗ ಏಟಾದ ಕೈ ಮೊದಲು, ತೆಗೆಯುವಾಗ ಕೊನೆಗೆ. ಕೊಡವ ಶೈಲಿಯ ಸೀರೆ ಉಡುವವರಿಗೆ ಬಲಗಡೆ ಮುರಿದಿದ್ದರೆ ತೊಂದರೆ ಜಾಸ್ತಿ, ಸೆರಗಿನ ಪಿನ್ನು ಸರಿಯಾಗಿ ಅಲ್ಲೇ ಬಂದು ಕೂರುತ್ತದೆ. ಒಂದೂವರೆ ತಿಂಗಳು ಮುಂದೆ ಗುಂಡಿ ಇರುವ ಸಡಿಲ ನೈಟಿಯೇ ವಾಸಿ, ಮದುವೆ ಮನೆಗೆ ಹೋಗಲೇಬೇಕೆಂದರೆ ಸೆರಗನ್ನು ರವಿಕೆಯ ಬೆನ್ನ ಕಡೆಗೆ ಪಿನ್ ಮಾಡಿಸಿಕೊಳ್ಳಿ.

ಲೋಲಕ ವ್ಯಾಯಾಮ: ಎಲ್ಲರೂ ತಪ್ಪು ಮಾಡುವ ಜಾಗ

ಒಂದರಿಂದ ಎರಡು ವಾರದ ನಡುವೆ, ಚುಚ್ಚುವ ನೋವು ಇಳಿದು ವೈದ್ಯರು ಹೂಂ ಎಂದ ಮೇಲೆ ಇದನ್ನು ಶುರು ಮಾಡುವುದು. ನೋಡಲು ಇಷ್ಟು ಸುಲಭದ ವ್ಯಾಯಾಮ ಇನ್ನೊಂದಿಲ್ಲ, ಹಾಳಾಗಿ ಮಾಡುವುದೂ ಇದನ್ನೇ.

ಸೊಂಟದೆತ್ತರದ ಆಸರೆ ಬೇಕು. ಜಗಲಿಯ ಐಮರ (ಕಂಬಗಳ ನಡುವಿನ ಕೂರುವ ಹಲಗೆ) ತಗ್ಗಾಯಿತು, ಅಡುಗೆಮನೆ ಕಟ್ಟೆ ಅಥವಾ ಊಟದ ಮೇಜು ಸರಿ. ಒಳ್ಳೆಯ ಕೈಯನ್ನು ಅದರ ಮೇಲೆ ಊರಿ, ಒಂದು ಕಾಲು ಮುಂದಿಟ್ಟು, ಎರಡೂ ಮಂಡಿ ಸ್ವಲ್ಪ ಮಡಿಚಿ, ಬೆನ್ನು ಹೆಚ್ಚುಕಡಿಮೆ ನೆಲಕ್ಕೆ ಸಮಾನವಾಗುವಷ್ಟು ಬಾಗಿ. ಸ್ಲಿಂಗ್ ಕಳಚಿ ತೋಳನ್ನು ಬಾವಿಗೆ ಇಳಿಬಿಟ್ಟ ಹಗ್ಗದಂತೆ ಸುಮ್ಮನೆ ಬಿಡಿ. ಅರ್ಧ ನಿಮಿಷ ಏನೂ ಮಾಡಬೇಡಿ. ಭುಜದ ಸುತ್ತಲಿನ ಬಿಗಿ ಬಿಡಲು ಅಷ್ಟು ಹೊತ್ತು ಬೇಕು, ಆತುರದವರು ಬಿಟ್ಟುಬಿಡುವುದು ಈ ಅರ್ಧ ನಿಮಿಷವನ್ನೇ.

ಈಗ ತೂಗಬೇಕಾದದ್ದು ಮೈ. ಭಾರವನ್ನು ಮುಂದಿನ ಕಾಲಿಗೆ ತನ್ನಿ, ಹಿಂದಿನ ಕಾಲಿಗೆ ಒಯ್ಯಿರಿ. ಸೊಂಟ ಆಡಿದ ಹಾಗೆ ತೋಳು ಅದರ ಹಿಂದೆ ತಾನೇ ತೂಗುತ್ತದೆ. ಹಿಂದೆ ಮುಂದೆ ಒಂದು ನಿಮಿಷ, ಎಡ ಬಲ ಒಂದು ನಿಮಿಷ, ಎರಡೂ ದಿಕ್ಕಿಗೆ ಸಣ್ಣ ಸುತ್ತು ಅರ್ಧರ್ಧ ನಿಮಿಷ. ಮೊದಲ ದಿನಗಳಲ್ಲಿ ತೂಗಾಟ ಒಂದು ಗೇಣು ಸಾಕು, ವಾರ ಕಳೆದ ಮೇಲೆ ಒಂದೂವರೆ ಗೇಣಾಗಲಿ. ದಿನಕ್ಕೆ ಮೂರು ಸಲ.

ತಪ್ಪುವುದು ಎಲ್ಲಿ? ಹತ್ತರಲ್ಲಿ ಎಂಟು ಜನ ಮೈಯನ್ನು ಕಲ್ಲಿನಂತೆ ನಿಲ್ಲಿಸಿ, ಕೈಯನ್ನು ತಾವೇ ಬೀಸುತ್ತಾರೆ ಎಂದರೂ ನಡೆದೀತು. ಆಗ ಭುಜದ ಸ್ನಾಯುಗಳು ಮುರಿದ ತುಂಡುಗಳನ್ನು ಹಿಡಿದೆಳೆಯುತ್ತವೆ, ವ್ಯಾಯಾಮದ ಉದ್ದೇಶವೇ ತಲೆಕೆಳಗು. ಪರೀಕ್ಷೆ ಸರಳ: ಮನೆಯವರು ಒಬ್ಬರು ತೂಗುತ್ತಿರುವ ಮೇಲ್ದೋಳನ್ನು ಮೃದುವಾಗಿ ಹಿಡಿದು ನೋಡಲಿ. ಮೆತ್ತಗಿದ್ದರೆ ಸರಿ, ಗಟ್ಟಿಯಿದ್ದರೆ ನೀವು ಬೀಸುತ್ತಿದ್ದೀರಿ. ನೀವು ಮೈ ಆಡಿಸುವುದನ್ನು ನಿಲ್ಲಿಸಿದ ಮೇಲೂ ತೋಳು ಒಂದೆರಡು ತೂಗು ತೂಗಿಯೇ ನಿಲ್ಲಬೇಕು, ಥಟ್ಟನೆ ನಿಂತರೆ ಅದೂ ತಪ್ಪಿನ ಗುರುತು.

ಇನ್ನು, ಬೇಗ ಗುಣವಾಗಲೆಂದು ಕೈಯಲ್ಲಿ ನೀರಿನ ಬಾಟಲಿ ಹಿಡಿಯುವವರಿದ್ದಾರೆ. ಮುರಿದ ಮೂಳೆಗೆ ತೂಕ ಬೇಡ, ಖಾಲಿ ಕೈಯೇ ಸಾಕಷ್ಟು ಭಾರ. ಬಾಗಿದರೆ ತಲೆ ತಿರುಗುವ ವಯಸ್ಸಾದವರು ಕುರ್ಚಿಯಲ್ಲಿ ಕೂತು, ಪಕ್ಕಕ್ಕೆ ವಾಲಿ ತೋಳು ಇಳಿಬಿಡಲಿ.

ನೋವಿನ ಅಳತೆ ಹೀಗೆ: 10ರಲ್ಲಿ 3 ಅಂಕದಷ್ಟು ನೋವು ಸಹಜ. ಮುಗಿಸಿದ ಒಂದು ಗಂಟೆಯೊಳಗೆ ಅದು ಇಳಿಯಬೇಕು. ಮರುದಿನ ಬೆಳಿಗ್ಗೆ ಜಾಸ್ತಿಯಾಗಿದ್ದರೆ ಅರ್ಧಕ್ಕೆ ಇಳಿಸಿ, ಪೂರ್ತಿ ಬಿಡಬೇಡಿ. ಮುರಿದ ಜಾಗದಲ್ಲಿ ಕಟಕಟ ಅಲುಗಿದ ಹಾಗೆ ಅನಿಸಿದರೆ ಮಾತ್ರ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಕೋಲು, ಟವೆಲ್, ಮೇಜು: 3ರಿಂದ 6ನೇ ವಾರ

ಮೂರನೇ ವಾರದಿಂದ ಒಳ್ಳೆಯ ಕೈ ಕೆಲಸ ಮಾಡುತ್ತದೆ, ಏಟಾದ ಕೈ ಜೊತೆಗೆ ಹೋಗುತ್ತದೆ. ಮೀಟರ್ ಉದ್ದದ ನುಣುಪು ಕೋಲು ಸಾಕು, ಕಾಫಿ ಗಿಡದ ಊರುಗೋಲು ಮನೆಯಲ್ಲಿದ್ದರೆ ಅದೇ ಆಯಿತು. ಅಂಗಾತ ಮಲಗಿ, ಏಟಾದ ಮೊಣಕೈ ಕೆಳಗೆ ಮಡಿಚಿದ ಟವೆಲ್ ಇಟ್ಟು (ಇಲ್ಲದಿದ್ದರೆ ಮೊಣಕೈ ಹಿಂದಕ್ಕೆ ಬಿದ್ದು ಮುಂಭಾಗ ಎಳೆಯುತ್ತದೆ), ಎರಡೂ ಕೈಯಲ್ಲಿ ಕೋಲು ಹಿಡಿದು ಮೇಲೆತ್ತಿ. ತೋಳು ನೇರ ಅಟ್ಟದ ಕಡೆ ನಿಂತಾಗ ನಿಲ್ಲಿಸಬೇಕು. ಮಲಗಿದಾಗ ಅದೇ ಭುಜದ ಮಟ್ಟ, ಅಲ್ಲಿಂದ ತಲೆಯ ಕಡೆಗೆ ಒಂದು ಬೆರಳೂ ದಾಟಬೇಡಿ.

ಎರಡನೆಯದು ಹೊರಕ್ಕೆ ತಿರುಗಿಸುವುದು. ಮೊಣಕೈಯನ್ನು ಪಕ್ಕೆಗೆ ಅಂಟಿಸಿ, ನಡುವೆ ಸುರುಳಿ ಸುತ್ತಿದ ಟವೆಲ್ ಸಿಕ್ಕಿಸಿ, ಕೋಲಿನಿಂದ ಅಂಗೈಯನ್ನು ಹೊರಕ್ಕೆ ತಳ್ಳಿ. ಟವೆಲ್ ಬಿದ್ದರೆ ಆ ಸಲ ಲೆಕ್ಕಕ್ಕಿಲ್ಲ. ಭುಜ ಹಿಡಿಯಲು ಶುರುವಾದಾಗ ಮೊದಲು ಹೋಗುವುದೇ ಈ ತಿರುವು, ಹಾಗಾಗಿ ಒಂದೇ ವ್ಯಾಯಾಮಕ್ಕೆ ಸಮಯವಿದ್ದರೆ ಇದನ್ನು ಮಾಡಿ. ಮೂರನೆಯದು, ಮೇಜಿನ ಮೇಲೆ ಟವೆಲ್ ಹಾಸಿ ಅಂಗೈ ಇಟ್ಟು ಮುಂದಕ್ಕೆ ಜಾರಿಸುವುದು. ತಲಾ 10 ಸಲ, ದಿನಕ್ಕೆ ಮೂರು ಬಾರಿ. ವಾರಕ್ಕೊಮ್ಮೆ ಕನ್ನಡಿ ಮುಂದೆ ಮಾಡಿ ನೋಡಿ: ಭುಜ ಕಿವಿಯ ಕಡೆಗೆ ಏರುತ್ತಿದ್ದರೆ ಎತ್ತುವ ಕೆಲಸವನ್ನು ಕತ್ತಿನ ಸ್ನಾಯು ಕದ್ದಿದೆ. ಕಡಿಮೆ ಎತ್ತಿ, ಸರಿಯಾಗಿ ಎತ್ತಿ. ಕೂತಲ್ಲೇ ರೆಕ್ಕೆ ಮೂಳೆಗಳನ್ನು ಬೆನ್ನ ನಡುವಿಗೆ ಮೆಲ್ಲಗೆ ಎಳೆದು 5 ಸೆಕೆಂಡ್ ಹಿಡಿಯುವುದೂ ಈ ಹೊತ್ತಿಗೆ ಸೇರಲಿ. ಹಗಲಲ್ಲಿ ಸ್ಲಿಂಗ್ ಹಾಕುವ ಹೊತ್ತು ಕ್ರಮೇಣ ಇಳಿಸಿ, ಬಸ್ಸಿನಲ್ಲಿ, ಸಂತೆಯಲ್ಲಿ ಮಾತ್ರ ಹಾಕಿ.

ಎಣ್ಣೆ ತಿಕ್ಕಿ ಮೂಳೆ ‘ಕೂರಿಸುವ’ ಕೈಗಳಿಗೆ ತೋಳು ಕೊಡಬೇಡಿ. ಮುರಿದ ಜಾಗ ಒತ್ತಿ ತಿಕ್ಕಿದರೆ ಹೊಸದಾಗಿ ಕಟ್ಟುತ್ತಿರುವ ಗಂಟು ಅಲುಗುತ್ತದೆ, ಕೆಳಗೇ ದೊಡ್ಡ ರಕ್ತನಾಳ, ನರಗಳಿವೆ. ಬಿಸಿನೀರಿನ ಸ್ನಾನ ಮುಗಿಸಿ ವ್ಯಾಯಾಮ ಮಾಡುವುದು ಒಳ್ಳೆಯದು, ಅಷ್ಟು ಶಾಖ ಸಾಕು. ಫಿಸಿಯೋ ಬಳಿ ಹೋದಾಗ ಬರೀ ಕರೆಂಟು ಕೊಟ್ಟು ಕಳಿಸುತ್ತಿದ್ದರೆ ಬೇರೆಯವರನ್ನು ನೋಡಿ. ಎರಡು ವಾರಕ್ಕೊಮ್ಮೆ ಕರೆದು, ತಪ್ಪು ತಿದ್ದಿ, ಮನೆಪಾಠ ಕೊಡುವವರೇ ಕೆಲಸಕ್ಕೆ ಬರುವವರು. ದೂರದ ಊರಿನಿಂದ ದಿನಾ ಮಡಿಕೇರಿಗೋ ಕುಶಾಲನಗರಕ್ಕೋ ಓಡಾಡುವ ಅಗತ್ಯವಿಲ್ಲ.

6 ವಾರದ ಎಕ್ಸ್-ರೇ ಆದ ಮೇಲೆ

ಮೂಳೆ ಕೂಡುತ್ತಿದೆ ಎಂದು ವೈದ್ಯರು ಹೇಳಿದ ಮೇಲೆ ಭುಜದ ಮಟ್ಟ ದಾಟಬಹುದು. ಗೋಡೆಗೆ ಮುಖಮಾಡಿ ನಿಂತು ಬೆರಳುಗಳನ್ನು ಮೇಲಕ್ಕೆ ನಡೆಸಿ, ತಲುಪಿದಲ್ಲಿ ಪೆನ್ಸಿಲ್ ಗುರುತು ಹಾಕಿ. 8ನೇ ವಾರದ ಹೊತ್ತಿಗೆ ರಬ್ಬರ್ ಪಟ್ಟಿ, ಮೊದಲು ತೀರಾ ಹಗುರದ್ದು, ಆಮೇಲೆ ಅರ್ಧ ಕಿಲೋ ತೂಕ. ಅಗ್ಗದ ಪಟ್ಟಿಗಳು ಬೇಗ ಬಿರುಕು ಬಿಟ್ಟು ಮುಖಕ್ಕೆ ಹೊಡೆಯುತ್ತವೆ, ಪ್ರತಿ ಸಲ ಎಳೆದು ನೋಡಿಯೇ ಬಳಸಿ.

ತೋಟದ ಕೆಲಸಕ್ಕೆ ಮರಳುವುದರಲ್ಲಿ ಮಾತ್ರ ಅವಸರ ಸಲ್ಲದು. ಸೊಂಟದ ಮಟ್ಟದ ಕೊಂಬೆಯಿಂದ ಹಣ್ಣು ಬಿಡಿಸುವುದು 8 ವಾರಕ್ಕೆ ಆದೀತು. ಕಾರು ಓಡಿಸುವುದೂ ಆ ಹೊತ್ತಿಗೆ, ನೋವಿಲ್ಲದೆ ಸ್ಟೀರಿಂಗ್ ಥಟ್ಟನೆ ತಿರುಗಿಸಲು ಬಂದರೆ. ಮೇಲಿನ ಕೊಂಬೆ ಬಗ್ಗಿಸುವುದು, ಕತ್ತಿ ಬೀಸುವುದು 12 ವಾರದ ಮೇಲೆ. ಬೋರ್ಡೋ ದ್ರಾವಣ (ಕೊಳೆರೋಗದ ಔಷಧಿ) ಸಿಂಪಡಿಸುವ 16 ಲೀಟರ್ ಟ್ಯಾಂಕ್ ತುಂಬಿದರೆ ನೀರೇ 16 ಕಿಲೋ, ಅದರ ಪಟ್ಟಿ ಕೂರುವುದು ನೇರ ಕಾಲರ್ ಬೋನ್ ಮೇಲೆ. ಕಳೆ ಕೊಚ್ಚುವ ಯಂತ್ರಕ್ಕೂ ಇದೇ ಮಾತು, ಮೇಲೆ ನಡುಕ ಬೇರೆ. ಎರಡಕ್ಕೂ ನಾಲ್ಕು ತಿಂಗಳು ಕೊಡಿ. 50 ಕಿಲೋ ಕಾಫಿ ಮೂಟೆ, ಕರಿಮೆಣಸಿನ ಏಣಿ ಇನ್ನೂ ಆಮೇಲೆ: ಏಣಿಯ ಮೇಲೆ ಕಾಲು ತಪ್ಪಿದಾಗ ಇಡೀ ಮೈಭಾರ ಒಂದು ಕೈಗೆ ಬೀಳುತ್ತದೆ.

ಜೂನ್ ನಡುವಿನಲ್ಲಿ ಬಿದ್ದವರಿಗೆ ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತಕ್ಕೆ (ಕೊಡವರ ಆಯುಧಪೂಜೆಯ ಹಬ್ಬ, ತೆಂಗಿನಕಾಯಿಗೆ ಗುಂಡು ಹೊಡೆಯುವುದು ರೂಢಿ) ಹನ್ನೊಂದೇ ವಾರ. ಬಂದೂಕಿನ ಹಿಂಬದಿ ಒದೆಯುವುದು ಆ ಮೂಳೆಯ ಪಕ್ಕದಲ್ಲೇ, ಆದ್ದರಿಂದ ಆ ವರ್ಷ ತೆಂಗಿನಕಾಯಿಗೆ ಗುಂಡು ಬೇರೆಯವರು ಹೊಡೆಯಲಿ. ಹಾಕಿ ಆಡುವವರು ಸ್ಟಿಕ್ ಹಿಡಿದು ಚೆಂಡು ತಳ್ಳುವುದನ್ನು ಮೊದಲೇ ಶುರು ಮಾಡಬಹುದು, ಮೈಗೆ ಮೈ ತಾಗುವ ಪಂದ್ಯಕ್ಕೆ ಇಳಿಯುವ ಮೊದಲು ಎಕ್ಸ್-ರೇ ಕೈಯಲ್ಲಿರಬೇಕು.

ಮುರಿದ ಜಾಗದಲ್ಲಿ ಗಂಟು ಉಳಿಯುವುದು ಸಹಜ, ತೀಡಿ ಕರಗಿಸುವಂಥದ್ದಲ್ಲ. ಪ್ಲೇಟ್ ಹಾಕಿಸಿಕೊಂಡವರಿಗೆ ಗಾಯದ ಕೆಳಗೆ ಅಂಗೈಯಗಲ ಸ್ಪರ್ಶ ಮಂದವಾಗಿರಬಹುದು, ಅದರಿಂದ ಕೆಲಸಕ್ಕೇನೂ ಅಡ್ಡಿಯಿಲ್ಲ. ಮೂರು ತಿಂಗಳಾದರೂ ಒತ್ತಿದಾಗ ಆ ಒಂದೇ ಜಾಗ ನೋಯುತ್ತಿದ್ದರೆ, ಕೈ ಎತ್ತಿದಾಗ ಅಲ್ಲಿ ಅಲುಗಿದಂತಾದರೆ ಮೂಳೆ ಕೂಡಿಲ್ಲದಿರಬಹುದು. ಬೀಡಿ, ಸಿಗರೇಟು ಬಿಡದವರಲ್ಲಿ ಇದರ ಸಂಭವ ಹೆಚ್ಚು. ಮತ್ತೆ ತೋರಿಸಲು ಹೋಗುವಾಗ ಮೊದಲ ದಿನದ ಎಕ್ಸ್-ರೇಯನ್ನೂ ಮರೆಯದೆ ಒಯ್ಯಿರಿ, ಹೋಲಿಸಿ ನೋಡಲು ಅದು ಬೇಕಾಗುತ್ತದೆ.