ಹಳೆ ವೈರಿನಿಂದ ತಾಮ್ರ ತೆಗೆಯುವುದು: ನನ್ನ ಅನುಭವ

ನಾನು ಮನೆ ವೈರಿಂಗ್ ಕೆಲಸ ಮಾಡುವವನು. ಹಳೆ ಮನೆಯ ವೈರಿಂಗ್ ಬದಲಾಯಿಸಿದಾಗಲೆಲ್ಲ ಪೈಪಿನಿಂದ ಎಳೆದ ವೈರು ಮೂಟೆಗಟ್ಟಲೆ ಸಿಗುತ್ತದೆ. ಅದು ಮನೆಯವರ ಸ್ವತ್ತು. ಹಾಗಾಗಿ ಅದು ಯಾರಿಗೆ ಅಂತ ಕೆಲಸ ಒಪ್ಪಿಕೊಳ್ಳುವಾಗಲೇ ಮಾತಾಡಿಕೊಳ್ಳುತ್ತೇನೆ.

ಮೊದಲು ಬೇರೆ ಬೇರೆ ಮಾಡಬೇಕು. ಅಲ್ಯೂಮಿನಿಯಂ ವೈರು ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ. ತಾಮ್ರ ಅದರ ಮೂರು ಪಟ್ಟಿಗಿಂತ ಭಾರ. ಆದರೆ ರಬ್ಬರ್ ಹೊದಿಕೆಯ ತುಂಬ ಹಳೆಯ ವೈರಿನಲ್ಲಿ ತಂತಿ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ ಅಂತ ಅವಸರದಲ್ಲಿ ತೀರ್ಮಾನ ಬೇಡ. ರಬ್ಬರಿನ ಗಂಧಕ ತಾಮ್ರವನ್ನು ಹಾಳು ಮಾಡದಿರಲಿ ಅಂತ ಆಗ ತವರದ ಲೇಪ ಕೊಡುತ್ತಿದ್ದರು. ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಕೆಂಪಗೆ ಕಾಣುತ್ತದೆ. ಟಿವಿ ಕೇಬಲ್ಲಿನ ನಡುವಿನ ತಂತಿ ಇದಕ್ಕೆ ಉಲ್ಟಾ. ಮೇಲೆ ತಾಮ್ರ, ಒಳಗೆ ಬಹಳ ಸಲ ಉಕ್ಕು. ಮ್ಯಾಗ್ನೆಟ್ ಹಿಡಿದರೆ ಅಂಟಿಕೊಳ್ಳುತ್ತದೆ.

ಸುಲಿಯೋಕೆ ನಾನೇ ಒಂದು ಸಾಧನ ಮಾಡಿಕೊಂಡಿದ್ದೇನೆ. ದಪ್ಪ ಮರದ ತುಂಡಿನಲ್ಲಿ ವೈರು ಸಲೀಸಾಗಿ ಹಾಯುವಷ್ಟು ತೂತು. ತೂತಿನ ಬಾಯಿಗೆ ಸರಿಯಾಗಿ, ಓರೆಯಾಗಿ ಸ್ಕ್ರೂ ಹಾಕಿ ಕೂರಿಸಿದ ಬ್ಲೇಡು. ವೈರಿನ ತುದಿ ತೂರಿಸಿ ಆಚೆಯಿಂದ ಕಟಿಂಗ್ ಪ್ಲೇಯರಲ್ಲಿ ಎಳೆದರೆ ಸಿಪ್ಪೆ ಉದ್ದಕ್ಕೂ ಸೀಳಿಕೊಂಡು ಬರುತ್ತದೆ. ಬ್ಲೇಡು ತಾಮ್ರಕ್ಕೆ ತಾಗಬಾರದು, ಸಿಪ್ಪೆಗೆ ಮಾತ್ರ ಕಚ್ಚಬೇಕು. ವೈರನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಹಾಕಿದರೆ ಪಿವಿಸಿ, ಅಂದರೆ ಸಿಪ್ಪೆಯ ಪ್ಲಾಸ್ಟಿಕ್, ಮೆತ್ತಗಾಗಿ ಕೆಲಸ ಸುಲಭ. ಕೈಗವಸು ಹಾಕಿಕೊಳ್ಳಲೇಬೇಕು.

ಸುಟ್ಟರೆ ಬೇಗ ಮುಗಿಯುತ್ತದಲ್ವಾ ಅಂತ ಎಷ್ಟೋ ಜನ ಕೇಳುತ್ತಾರೆ. ದಯವಿಟ್ಟು ಸುಡಬೇಡಿ. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್. ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ, ಜೊತೆಗೆ ಡಯಾಕ್ಸಿನ್ ಎಂಬ ವಿಷ. ಪಕ್ಕದಲ್ಲೇ ತಾಮ್ರ ಇರುವುದರಿಂದ ಆ ವಿಷ ಇನ್ನೂ ಜಾಸ್ತಿ ಹುಟ್ಟುತ್ತದೆ. ಅದನ್ನು ಕುಡಿಯುವವರು ನಾವು, ಅಕ್ಕಪಕ್ಕದ ಮನೆಯ ಮಕ್ಕಳು. ಸುಟ್ಟ ತಂತಿ ಕಪ್ಪಾಗುತ್ತದೆ, ಗುಜರಿಯವರೂ ರೇಟು ಇಳಿಸುತ್ತಾರೆ. ಹೊಳೆಯುವ ತಾಮ್ರಕ್ಕೇ ಒಳ್ಳೆ ಬೆಲೆ.

ತಕ್ಕಡಿಗೆ ಹಾಕುವ ಮುಂಚೆ ಲೆಕ್ಕ ಗೊತ್ತಿರಬೇಕು. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಒಂದು ಮೀಟರಿಗೆ ಸುಮಾರು 9 ಗ್ರಾಂ ತೂಗುತ್ತದೆ. ಅಂದರೆ 2.5 ಚದರ ಮಿಲಿಮೀಟರ್ ವೈರಿನ 90 ಮೀಟರ್ ಕಾಯಿಲಿನಲ್ಲಿ ಹೆಚ್ಚುಕಡಿಮೆ 2 ಕಿಲೋ ತಾಮ್ರ. ದಪ್ಪ ಗೊತ್ತಾಗದಿದ್ದರೆ ಒಂದು ಮೀಟರ್ ಕತ್ತರಿಸಿ ತೂಗಿ, ಸುಲಿದು ಮತ್ತೆ ತೂಗಿ. ನೂರಕ್ಕೆ ಎಷ್ಟು ತಾಮ್ರ ಅಂತ ಸಿಗುತ್ತದೆ. ಸುಲಿಯದ ವೈರಿಗೆ ಅಂಗಡಿಯವರು ಹೇಳುವ ರೇಟು ಸರಿಯೇ ಅಂತ ಆಮೇಲೆ ನೀವೇ ಹೇಳಬಹುದು.

ಸಣ್ಣ ಎಳೆಗಳ ವೈರನ್ನು ನಾನು ಸುಲಿಯುವುದಿಲ್ಲ, ಶ್ರಮಕ್ಕೆ ತಕ್ಕ ತಾಮ್ರ ಸಿಗುವುದಿಲ್ಲ. ಸಿಪ್ಪೆ ಸಮೇತ ಕೊಡುತ್ತೇನೆ. ಆದರೆ ಅದನ್ನು ಏನು ಮಾಡುತ್ತೀರಿ ಅಂತ ಮೊದಲು ಕೇಳುತ್ತೇನೆ. ಪುಡಿಮಾಡಿ ತಾಮ್ರ ಬೇರ್ಪಡಿಸುವ ಮೆಷಿನ್ ಇರುವವರಿಗೆ ಕಳಿಸುತ್ತೇವೆ ಅಂದರೆ ಸರಿ. ಸುಡುವವರಿಗೆ ರೇಟು ಜಾಸ್ತಿ ಕೊಟ್ಟರೂ ಕೊಡುವುದಿಲ್ಲ.