ಮುನ್ನೂರು ಐಟಮ್, ಒಂದೇ ಟ್ಯಾಗ್: ಮಾಟುಂಗದ ಮೆನುವಿನಲ್ಲಿ ಬೇಡದ್ದನ್ನು ಒಟ್ಟಿಗೆ ಅಡಗಿಸಿದ ನನ್ನ ಅನುಭವ

ಹೋಟೆಲೊಂದರ ಫೋನ್ ಮೆನುವಿನಲ್ಲಿ ಜೈನ್ ಬಟನ್ ಒತ್ತಿದರೆ ಈರುಳ್ಳಿ ಊತಪ್ಪ ಕಾಣಬಾರದು. ಕೆಲಸ ಇಷ್ಟೇ. ಇಷ್ಟಕ್ಕೆ ನನಗೆ ಹೆಚ್ಚುಕಡಿಮೆ ಎರಡು ತಿಂಗಳು ಹಿಡಿಯಿತು, ಕೈಯಿಂದ ನಾಲ್ಕೈದು ಸಾವಿರ ಹೋಯಿತು. ಕೊನೆಗೆ ನಿಂತದ್ದು ಇಪ್ಪತ್ತು ಸಾಲು ಮೀರದ ಕೋಡ್. "ಹೀಗೆಲ್ಲ ಮಾಡಿದ್ರೆ ಆಗೋದಿಲ್ಲ" ಅಂದವರು ಜಾಸ್ತಿ ಇದ್ದರು. ಈಗ ಎಂಟು ತಿಂಗಳಿಂದ ದಿನಾ ನಡೆಯುತ್ತಿದೆ, ಹಾಗಾಗಿ ಬರೆಯುತ್ತಿದ್ದೇನೆ.

ನಾನಿರುವುದು ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ. ಸಣ್ಣ ಹೋಟೆಲು, ಕ್ಲಿನಿಕ್ಕು, ಟ್ಯೂಷನ್ ಕ್ಲಾಸುಗಳಿಗೆ ವೆಬ್ ಪೇಜ್ ಮಾಡಿಕೊಡುತ್ತೇನೆ. ಮುಂಬಯಿಯ ಮಾಟುಂಗದಲ್ಲಿ ಅಪ್ಪನ ಪರಿಚಯದವರದ್ದೊಂದು ಉಡುಪಿ ಹೋಟೆಲ್ ಇದೆ. ಅವರನ್ನು ಚಿಕ್ಕಂದಿನಿಂದ ಮಾಮ ಅಂತಲೇ ಕರೆಯುವುದು. ಟೇಬಲ್ಲಿಗೆ ಕ್ಯೂಆರ್ ಮೆನು ಬೇಕು ಅಂದರು. ಹದಿನೈದು ಸಾವಿರಕ್ಕೆ ಒಪ್ಪಿಕೊಂಡೆ, ಆರು ಸಾವಿರ ಮುಂಗಡ ಕೊಟ್ಟರು. ಮೆನು ಕಾರ್ಡ್ ಬಿಡಿಸಿ ನೋಡಿದರೆ ಮುನ್ನೂರರ ಹತ್ತಿರ ಐಟಮ್. ಇಡ್ಲಿ, ಬನ್ಸ್, ನೀರುದೋಸೆಯಿಂದ ಶುರುವಾಗಿ ಪಂಜಾಬಿ, ಚೈನೀಸ್, ಪಾವ್ ಭಾಜಿ, ಜ್ಯೂಸ್ ತನಕ.

ಮಾಮನ ಬೇಡಿಕೆ ಸರಳ. "ಬೆಳಗ್ಗೆ ಊಟದ ಐಟಮ್ ಕಾಣ್ಬಾರ್ದು. ಜೈನ್ ಗಿರಾಕಿಗೆ ಜೈನ್ ಮಾತ್ರ. ಏಕಾದಶಿಗೆ ಉಪವಾಸದ್ದು ಮಾತ್ರ. ಎಂತ, ಕಷ್ಟ ಉಂಟಾ ಮಗಾ?" ಕಷ್ಟ ಇಲ್ಲ ಮಾಮ ಅಂದೆ.

ಶುರುವಿಗೆ ನಾವೆಲ್ಲ ಮಾಡುವುದನ್ನೇ ಮಾಡಿದೆ. ಎಲ್ಲ ಐಟಮ್ಮಿಗೂ "ಕಾಣುವ" ಅಂತ ಒಂದು ಕ್ಲಾಸ್, ಅಂದರೆ ಕೋಡಿನಲ್ಲಿ ಹಚ್ಚುವ ಗುರುತಿನ ಪದ. ಅದು ಇದ್ದರೆ ಮಾತ್ರ ಐಟಮ್ ಕಾಣುತ್ತದೆ. ಪೇಜಿಗೆ ಕೆಲಸ ಹೇಳುವ ಭಾಷೆ ಜಾವಾಸ್ಕ್ರಿಪ್ಟ್. ಅದರ ಗೆಟ್ ಎಲಿಮೆಂಟ್ಸ್ ಬೈ ಕ್ಲಾಸ್ ನೇಮ್ ಅನ್ನುವ ಆಜ್ಞೆ ಹಾಕಿ ಪಟ್ಟಿ ಹಿಡಿದು, ಲೂಪ್ ಓಡಿಸಿ, ಅಂದರೆ ಸಾಲಾಗಿ ಒಂದೊಂದನ್ನೇ ಹಿಡಿದು, ಆ ಕ್ಲಾಸ್ ತೆಗೆಯುವುದು. (ಕ್ಲಾಸಿನ ಹೆಸರು ಕನ್ನಡದಲ್ಲೇ ಇಟ್ಟಿದ್ದೇನೆ. ಫೈಲ್ ಎಲ್ಲ ಲಿಪಿಗೂ ಆಗುವ ಯುಟಿಎಫ್-8ರಲ್ಲಿ ಇದ್ದರೆ, ಪೇಜ್ ಹೇಗೆ ಕಾಣಬೇಕು ಅಂತ ಹೇಳುವ ಸಿಎಸ್‌ಎಸ್ಸಿಗೆ ಏನೂ ತಕರಾರಿಲ್ಲ.) ಬಟನ್ ಒತ್ತಿದೆ. ಇಡ್ಲಿ ಹೋಯಿತು, ವಡೆ ಉಳಿಯಿತು. ಬನ್ಸ್ ಹೋಯಿತು, ಉಪ್ಪಿಟ್ಟು ಉಳಿಯಿತು. ಪೂರಿ ಹೋಯಿತು, ಶೀರಾ ಉಳಿಯಿತು. ಒಂದು ಬಿಟ್ಟು ಒಂದು, ಕೊನೇ ತನಕ.

ಅರ್ಧ ದಿನ ತಲೆ ಕೆಡಿಸಿಕೊಂಡೆ. ಆ ಪಟ್ಟಿ ಜೀವಂತ ಪಟ್ಟಿ, ಅದೇ ತೊಂದರೆ. ಅದರಲ್ಲಿ ಎಣಿಕೆ ಸೊನ್ನೆಯಿಂದ ಶುರು. ಮೊದಲನೆಯದರ ಕ್ಲಾಸ್ ತೆಗೆದ ಕೂಡಲೇ ಅದು ಪಟ್ಟಿಯಿಂದಲೇ ಹೊರಗೆ. ಎರಡನೆಯದು ಸೊನ್ನೆಯ ಜಾಗಕ್ಕೆ ಸರಿಯುತ್ತದೆ, ಲೂಪ್ ಆಗಲೇ ಒಂದಕ್ಕೆ ಹೋಗಿರುತ್ತದೆ. ಕ್ವೆರಿ ಸೆಲೆಕ್ಟರ್ ಆಲ್ ಅನ್ನುವ ಇನ್ನೊಂದು ಆಜ್ಞೆ ಕೊಡುವ ಪಟ್ಟಿ ಹಾಗೆ ಕದಲುವುದಿಲ್ಲ. ಅದಕ್ಕೆ ಬದಲಾಯಿಸಿದೆ, ಸರಿಹೋಯಿತು. ಹಳೇ ರೀತಿಯೇ ಬೇಕು ಅನ್ನುವವರು ಲೂಪನ್ನು ಕೊನೆಯಿಂದ ಮೊದಲಿನ ಕಡೆಗೆ ಓಡಿಸಬಹುದು.

ಆಮೇಲೆ ಅಡಗಿದ್ದನ್ನು ಮತ್ತೆ ತೋರಿಸುವ ಪಾಡು. ಡಿಸ್‌ಪ್ಲೇ ನನ್ (ತೋರಿಸಲೇಬೇಡ ಅನ್ನುವ ಸಿಎಸ್‌ಎಸ್ ಮಾತು) ಮಾಡಿದ್ದನ್ನು ಡಿಸ್‌ಪ್ಲೇ ಬ್ಲಾಕ್ ಮಾಡಿದೆ. ನನ್ನ ಸಾಲುಗಳು ಫ್ಲೆಕ್ಸ್, ಅಂದರೆ ಅಕ್ಕಪಕ್ಕ ಕೂರುವ ಜೋಡಣೆ. ಎಡಕ್ಕೆ ಹೆಸರು, ಬಲಕ್ಕೆ ರೇಟು. ಬ್ಲಾಕ್ ಮಾಡಿದ ಕೂಡಲೇ ರೇಟೆಲ್ಲ ಹೆಸರಿನ ಕೆಳಗೆ ಬಿತ್ತು. ಬ್ಲಾಕ್ ಅನ್ನುವ ಬದಲು ಖಾಲಿ ಸ್ಟ್ರಿಂಗ್ (ಅಕ್ಷರವೇ ಇಲ್ಲದ ಪದ) ಕೊಟ್ಟರೆ ಅದರ ಮೂಲ ಸ್ವಭಾವ ವಾಪಸ್ ಬರುತ್ತದೆ. ಅಡಗಿರು ಅಂತ ಐಟಮ್ಮಿನ ಟ್ಯಾಗಿಗೇ ಬರೆಯುವ ಹಿಡನ್ ಆಟ್ರಿಬ್ಯೂಟೂ ಹಾಕಿ ನೋಡಿದೆ. ಫ್ಲೆಕ್ಸ್ ಅಂತ ನಾವೇ ಬರೆದಿದ್ದರೆ ಹಿಡನ್ ಸೋಲುತ್ತದೆ. ಸಿಎಸ್‌ಎಸ್ಸಿನಲ್ಲಿ ಇಂಪಾರ್ಟೆಂಟ್ ಅನ್ನುವ ಪದ ಹಾಕಿ ಅದರ ಮಾತೇ ಗೆಲ್ಲುವಂತೆ ಕೂರಿಸಬೇಕು.

ದುಡ್ಡು ಹೋದದ್ದು ಇದರಲ್ಲಿ ಅಲ್ಲ. ಚಂದ ಕಾಣಲಿ, ಐಟಮ್ ಮೆಲ್ಲಗೆ ಮಾಸಿಹೋಗಲಿ ಅಂತ ಒಪಾಸಿಟಿ (ಎಷ್ಟು ದಟ್ಟವಾಗಿ ಕಾಣಬೇಕು ಅನ್ನುವ ಅಳತೆ) ಸೊನ್ನೆ ಮಾಡಿದ್ದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಬೆರಳಿಗೆ ಸಿಗುತ್ತದೆ. ಸ್ಕ್ರಾಲ್ ಮಾಡುವಾಗ ಗಿರಾಕಿಯ ಬೆರಳು ಖಾಲಿ ಜಾಗಕ್ಕೆ ತಾಗಿದರೆ ಐಟಮ್ ಆರ್ಡರಿಗೆ ಸೇರಿಕೊಳ್ಳುತ್ತಿತ್ತು. ಒಂದು ಶನಿವಾರ ಸಂಜೆ ಯಾರೂ ಕೇಳದ ನೂಡಲ್ಸ್, ಗೋಬಿ, ಪನೀರ್ ಟೇಬಲ್ಲುಗಳಿಗೆ ಹೋಗಿ ವಾಪಸ್ ಬಂದವು. ಎಂಟ್ಹತ್ತು ಪ್ಲೇಟ್ ಇರಬೇಕು. ಮಾಮ ಬೈಯಲಿಲ್ಲ. ಆದರೆ ಬಾಕಿಯಲ್ಲಿ ಎರಡು ಸಾವಿರ ಮುರಿದುಕೊಂಡರು. ನ್ಯಾಯವೇ ಅದು. ವಿಸಿಬಿಲಿಟಿ ಹಿಡನ್ ಮಾಡಿದರೆ ಬೆರಳಿಗೆ ಸಿಗುವುದಿಲ್ಲ, ಆದರೆ ಜಾಗ ಬಿಟ್ಟುಕೊಡುವುದಿಲ್ಲ. ಮೆನುವಿನ ನಡುವೆ ಬಿಳಿ ಮೈದಾನ. ಮೆನುವಿಗೆ ಡಿಸ್‌ಪ್ಲೇ ನನ್ ಬಿಟ್ಟರೆ ಬೇರೆ ಗತಿಯಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಣ್ಣು ಕಾಣದವರ ಫೋನ್ ಪೇಜನ್ನು ಓದಿ ಹೇಳುವಾಗಲೂ ಅದು ಅಡಗಿದ್ದನ್ನು ಬಿಟ್ಟೇ ಓದುತ್ತದೆ.

ನಿಧಾನದ್ದು ಬೇರೆ ಕಥೆ. ನನ್ನ ಹತ್ತಿರ ಟೆಸ್ಟಿಗೆ ಅಂತ ನಾಲ್ಕು ಸಾವಿರಕ್ಕೆ ತಗೊಂಡ ಸೆಕೆಂಡ್ ಹ್ಯಾಂಡ್ ಆಂಡ್ರಾಯ್ಡ್ ಇದೆ. ಅದರಲ್ಲಿ ಬಟನ್ ಒತ್ತಿದರೆ ಒಂದು, ಒಂದೂವರೆ ಸೆಕೆಂಡ್ ಪೇಜ್ ಗರ ಬಡಿದಂತೆ ನಿಲ್ಲುತ್ತಿತ್ತು. ಲೂಪೇ ಕಾರಣ ಅಂತ ಎಲ್ಲರೂ ಅಂದರು. ಅಲ್ಲ. ಒಂದು ಐಟಮ್ ಅಡಗಿಸಿದ ಕೂಡಲೇ ಆ ವಿಭಾಗದ ಎತ್ತರ ಓದುತ್ತಿದ್ದೆ, ಖಾಲಿಯಾಯಿತಾ ಅಂತ ನೋಡಲು. ಬರೆ, ಓದು, ಬರೆ, ಓದು. ಪ್ರತಿ ಓದಿಗೂ ಬ್ರೌಸರ್ ಪೇಜನ್ನು ಹೊಸದಾಗಿ ಅಳೆಯಬೇಕು. ಮುನ್ನೂರು ಸಲ ಅಳೆದರೆ ಬಡಪಾಯಿ ಫೋನ್ ಏನು ಮಾಡೀತು?

ಪುಣೆಯಲ್ಲಿ ನನ್ನ ದೊಡ್ಡಮ್ಮನ ಮಗ ಇದ್ದಾನೆ, ಹಿಂಜೆವಾಡಿಯಲ್ಲಿ ದೊಡ್ಡ ಕೆಲಸ. ಅವನಿಗೆ ತೋರಿಸಿದೆ. "ರಿಯಾಕ್ಟ್ ಹಾಕು ಮಾರಾಯ್ತಿ. ಮೂರು ಫಿಲ್ಟರ್ ಒಟ್ಟಿಗೆ ಸೇರಿದ್ರೆ ಬರೀ ಕ್ಲಾಸ್ ಹಾಕಿ ತೆಗೆದು ಸುಧಾರಿಸ್ಲಿಕ್ಕೆ ಆಗೋದಿಲ್ಲ" ಅಂದ. (ರಿಯಾಕ್ಟ್ ಅಂದರೆ ವೆಬ್ ಪೇಜ್ ಕಟ್ಟಲು ಬಳಸುವ ಜಾವಾಸ್ಕ್ರಿಪ್ಟ್ ಸಿದ್ಧ ಸಾಮಗ್ರಿ.) ಅವನು ಹೇಳಿದ ತೊಂದರೆ ನಿಜವಾದದ್ದೇ. ಜೈನ್ ಒತ್ತಿ, ಆಮೇಲೆ ಊಟ ಒತ್ತಿದರೆ, ಊಟದ ಲೂಪ್ ಊಟದ ಐಟಮ್ಮೆಲ್ಲ ತೋರಿಸಿಬಿಡುತ್ತಿತ್ತು, ಬೆಳ್ಳುಳ್ಳಿ ಹಾಕಿದ್ದೂ ಸೇರಿ. ಒಬ್ಬ ಅಜ್ಜಿ ಫೋನ್ ಎತ್ತಿಕೊಂಡು ಕೌಂಟರಿಗೇ ಬಂದಿದ್ದರು. ಮೇಲೆ ಜೈನ್ ಅಂತ ಹಸಿರು ದೀಪ, ಅದರ ಕೆಳಗೇ ಬೆಳ್ಳುಳ್ಳಿ ಹಾಕಿದ ಲಸೂನಿ ಪಾಲಕ್. ಅವರಿಗೆ ಇದು ರುಚಿಯ ವಿಷಯ ಅಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಉಪಾಯ ಹೊಳೆದದ್ದು ಲೋಕಲ್ ರೈಲಿನಲ್ಲಿ, ಠಾಣೆ ಸ್ಟೇಷನ್ ದಾಟಿದ ಮೇಲೆ. ಐಟಮ್ಮನ್ನು ನಾನ್ಯಾಕೆ ಮುಟ್ಟಬೇಕು?

ಈಗ ಇರುವುದು ಹೀಗೆ. ಪ್ರತಿ ಐಟಮ್ ತನ್ನ ಬಗ್ಗೆ ನಿಜ ಮಾತ್ರ ಹೇಳುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆ, ಬೆಳಗ್ಗೆ, ಊಟ, ಸಂಜೆ, ಉಪವಾಸ. ಇವೆಲ್ಲ ಕ್ಲಾಸುಗಳು, ಒಮ್ಮೆ ಬರೆದರೆ ಮುಗಿಯಿತು. ಜಾವಾಸ್ಕ್ರಿಪ್ಟ್ ಅವುಗಳ ಹತ್ತಿರ ಸುಳಿಯುವುದಿಲ್ಲ. ಬಟನ್ ಒತ್ತಿದರೆ ಇಡೀ ಪೇಜನ್ನು ಸುತ್ತಿರುವ, ಎಲ್ಲಕ್ಕಿಂತ ಮೇಲಿನ ಎಚ್‌ಟಿಎಂಎಲ್ ಟ್ಯಾಗ್ ಮೇಲೆ ಒಂದು ಪದ ಹತ್ತುತ್ತದೆ ಅಥವಾ ಇಳಿಯುತ್ತದೆ. ಕ್ಲಾಸ್ ಲಿಸ್ಟ್, ಟಾಗಲ್, ಒಂದೇ ಸಾಲು. ಮಿಕ್ಕಿದ್ದು ಸಿಎಸ್‌ಎಸ್ ನೋಡಿಕೊಳ್ಳುತ್ತದೆ. ಮೇಲೆ "ಜೈನ್" ಇದ್ದರೆ ಒಳಗಿನ "ಈರುಳ್ಳಿ", "ಬೆಳ್ಳುಳ್ಳಿ", "ಗಡ್ಡೆ" ಎಲ್ಲ ಡಿಸ್‌ಪ್ಲೇ ನನ್.

ಇದರ ಜೀವಾಳ ಒಂದೇ. ಅಡಗಿಸುವ ರೂಲ್ ಮಾತ್ರ ಬರೆಯಬೇಕು. ತೋರಿಸುವ ರೂಲ್ ಒಂದೂ ಇರಬಾರದು. ಆಗ ಫಿಲ್ಟರುಗಳು ಒಂದನ್ನೊಂದು ಅಳಿಸುವುದಿಲ್ಲ. ಜೈನ್ ಬೇಡ ಅಂದದ್ದನ್ನು ಊಟದ ಬಟನ್ ವಾಪಸ್ ಕರೆಯಲಾರದು, ಅದರ ಕೈಯಲ್ಲಿ ಆ ಅಧಿಕಾರವೇ ಇಲ್ಲ. ನನ್ನಣ್ಣ ಆಗೋದಿಲ್ಲ ಅಂದದ್ದು ಇದೇ. ಮೂರು ಫಿಲ್ಟರ್ ಹೇಗೆ ಬೇಕಾದರೂ ಸೇರಿಸಿ ಒತ್ತಿ, ಉತ್ತರ ಸರಿಯಾಗಿಯೇ ಬರುತ್ತದೆ. ಆ ನಾಲ್ಕು ಸಾವಿರದ ಫೋನಿನಲ್ಲೂ ಬೆರಳು ಎತ್ತುವುದರೊಳಗೆ ಪಟ್ಟಿ ಬದಲಾಗಿರುತ್ತದೆ.

ಜೈನ್ ಮತ್ತು ಉಪವಾಸ ಒಂದೇ ರೀತಿ ಬರೆಯಲು ಹೋಗಬೇಡಿ. ಜೈನ್ ಅಂದರೆ ಬೇಡದ್ದನ್ನು ತೆಗೆಯುವ ಲೆಕ್ಕ. ಉಪವಾಸ ಅಂದರೆ ಬೇಕಾದ್ದನ್ನಷ್ಟೇ ಇಟ್ಟುಕೊಳ್ಳುವ ಲೆಕ್ಕ, ಅದಕ್ಕೆ ನಾಟ್ ಸೆಲೆಕ್ಟರ್ ಬೇಕು: "ಉಪವಾಸ" ಅಂತ ಇಲ್ಲದ್ದೆಲ್ಲ ಅಡಗಲಿ. ಬಟಾಟೆ ಉಪವಾಸಕ್ಕೆ ನಡೆಯುತ್ತದೆ, ಜೈನರಿಗೆ ನಡೆಯುವುದಿಲ್ಲ. ಎರಡೂ ಒತ್ತಿದರೆ ಬಟಾಟೆ ಹಾಕಿದ ಸಾಬುದಾನ ಖಿಚಡಿಯೂ ಹೋಗಬೇಕು. ಹೋಗುತ್ತದೆ.

ಕ್ಲಾಸ್ ಹಚ್ಚುವುದೇ ದೊಡ್ಡ ಕೆಲಸ. ಮಾಮ ಮತ್ತು ದೋಸೆ ಭಟ್ಟರು ಪೆನ್ಸಿಲ್ ಹಿಡಿದು ನನ್ನ ಎದುರು ಎರಡು ಮಧ್ಯಾಹ್ನ ಕೂತರು. ಇಡ್ಲಿಗೆ ಟಿಕ್ ಹಾಕಿದ್ದೆ. ಭಟ್ಟರು ತಡೆದರು. "ಇಡ್ಲಿ ಸರಿ, ಸಾಂಬಾರಿಗೆ ನೀರುಳ್ಳಿ ಉಂಟಲ್ಲ?" ಹಾಗಾಗಿ ಇಡ್ಲಿ ಚಟ್ನಿ ಬೇರೆ ಸಾಲು, ಇಡ್ಲಿ ಸಾಂಬಾರ್ ಬೇರೆ ಸಾಲು. ಜೈನ್ ಮಸಾಲೆ ದೋಸೆಗೆ ಇಲ್ಲಿ ಬಾಳೆಕಾಯಿ ಪಲ್ಯ, ಅದಕ್ಕೂ ಬೇರೆ ಸಾಲು. ಆ ಎರಡು ಮಧ್ಯಾಹ್ನ ಸಿಗದಿದ್ದರೆ ನನ್ನ ಕೋಡ್ ಎಷ್ಟು ಚಂದ ಇದ್ದರೂ ಸುಮ್ನೆ.

ಮೂರು ಕಡೆ ಮತ್ತೂ ಎಡವಿದೆ. ಒಂದು, ಗಿರಾಕಿ ಆಗಲೇ ಆರಿಸಿಕೊಂಡ ಐಟಮ್ ಫಿಲ್ಟರಿನಿಂದ ಅಡಗಿದರೆ ಬಿಲ್ಲಿನಲ್ಲಿ ಇರುತ್ತದೆ, ಕಣ್ಣಿಗಿಲ್ಲ. ಹಾಗಾಗಿ ಪ್ರತಿ ರೂಲಿಗೂ "ಆಯ್ದ" ಅಂತ ಇರುವುದನ್ನು ಬಿಟ್ಟು ಅಂತ ಸೇರಿಸಿದೆ. ಇನ್ನೊಂದು, ಪೇಜ್ ತೆರೆದಾಗ ಒಂದು ಕ್ಷಣ ಪೂರ್ತಿ ಮೆನು ಮಿಂಚಿ ಆಮೇಲೆ ಜೈನ್ ಆಗುತ್ತಿತ್ತು. ನೆನಪಿಟ್ಟ ಫಿಲ್ಟರನ್ನು ಲೋಕಲ್ ಸ್ಟೋರೇಜಿನಿಂದ (ಬ್ರೌಸರ್ ಫೋನಿನಲ್ಲೇ ನೆನಪಿಟ್ಟುಕೊಳ್ಳುವ ಜಾಗ) ಓದುವ ಎರಡು ಸಾಲನ್ನು ಪೇಜಿನ ಮೊದಲ ಭಾಗವಾದ ಹೆಡ್ ಒಳಗೇ ಹಾಕಿದೆ. ಆ ಹೊತ್ತಿಗೆ ಪೇಜಿನ ಕಾಣುವ ಭಾಗ, ಬಾಡಿ, ಇನ್ನೂ ಹುಟ್ಟಿರುವುದಿಲ್ಲ, ಪದವನ್ನು ಎಚ್‌ಟಿಎಂಎಲ್ ಟ್ಯಾಗಿಗೆ ಹಾಕಿದ್ದು ಅದಕ್ಕೇ.

ಮೂರನೆಯದು ಖಾಲಿ ತಲೆಬರಹ. ಐಟಮ್ಮೆಲ್ಲ ಹೋಗಿ "ಚೈನೀಸ್" ಅನ್ನುವ ಹೆಸರೊಂದೇ ನಿಂತಿರುತ್ತದೆ. ಈಗ ಒಳಗೆ ಏನಿದೆ ಅಂತ ನೋಡಿ ಹೊರಗಿನದ್ದನ್ನು ಆರಿಸುವ ಹ್ಯಾಸ್ ಸೆಲೆಕ್ಟರ್ ಸಿಎಸ್‌ಎಸ್ಸಿನಲ್ಲೇ ಇದೆ, ಆದರೆ ಅದು ಕ್ರೋಮಿಗೆ ಬಂದದ್ದು 2022ರಲ್ಲಿ, ಫೈರ್‌ಫಾಕ್ಸಿಗೆ 2023ರ ಕೊನೆಗೆ. ಅಪ್‌ಡೇಟ್ ಮಾಡದ ಫೋನು ಎಷ್ಟೋ ಬರುತ್ತವೆ. ನಾನು ಇಪ್ಪತ್ತು ಚಿಲ್ಲರೆ ವಿಭಾಗಗಳಿಗೆ ಮಾತ್ರ ಒಂದು ಲೂಪ್ ಇಟ್ಟೆ. ಮೊದಲು ಎಲ್ಲ ಓದಿ ಮುಗಿಸುವುದು, ಆಮೇಲೆ ಎಲ್ಲ ಬರೆಯುವುದು. ತಲೆಬರಹವನ್ನಷ್ಟೇ ಅಡಗಿಸಿ. ಇಡೀ ವಿಭಾಗ ಅಡಗಿಸಿದರೆ ಮುಂದಿನ ಸಲ ಒಳಗಿನದ್ದರ ಎತ್ತರವೆಲ್ಲ ಸೊನ್ನೆ ಬರುತ್ತದೆ, ಆ ವಿಭಾಗ ಮತ್ತೆ ಏಳುವುದೇ ಇಲ್ಲ.

ನಡುವೆ ಒಂದು ಮದುವೆ ಕೇಟರಿಂಗ್ ಫಾರ್ಮಿಗೂ ಇದನ್ನೇ ಹಾಕಿ ನೋಡಿದೆ. ಅಲ್ಲಿ ಸೋತೆ. ಅಡಗಿದ ಇನ್‌ಪುಟ್ಟೂ (ತುಂಬುವ ಖಾನೆ) ಫಾರ್ಮಿನ ಜೊತೆ ಹೋಗುತ್ತದೆ. ಅದರಲ್ಲಿ ರಿಕ್ವೈರ್ಡ್, ಅಂದರೆ ತುಂಬಲೇಬೇಕು ಅಂತ ಇದ್ದರೆ ಇನ್ನೂ ಕೆಟ್ಟದ್ದು. ಸಬ್ಮಿಟ್ ಒತ್ತಿದರೆ ಏನೂ ಆಗುವುದಿಲ್ಲ, ತಪ್ಪು ಎಲ್ಲಿ ಅಂತ ತೋರಿಸಲು ಬ್ರೌಸರಿಗೆ ಜಾಗವೇ ಇಲ್ಲ. ಒಂದು ಹತ್ತು ದಿನ ಒಂದೂ ವಿಚಾರಣೆ ಬರದೆ ಅವರು ನನ್ನ ಎರಡೂವರೆ ಸಾವಿರ ಕೊಡಲಿಲ್ಲ. ಒಂದೊಂದು ಗುಂಪನ್ನೂ ಫೀಲ್ಡ್‌ಸೆಟ್ (ಖಾನೆಗಳನ್ನು ಒಟ್ಟಿಗೆ ಕಟ್ಟುವ ಟ್ಯಾಗ್) ಒಳಗೆ ಹಾಕಿ, ಅಡಗಿಸುವಾಗ ಆ ಫೀಲ್ಡ್‌ಸೆಟ್ಟನ್ನು ಡಿಸೇಬಲ್ ಮಾಡಿದರೆ ಒಳಗಿನದ್ದೆಲ್ಲ ಒಟ್ಟಿಗೆ ಸುಮ್ಮನಾಗುತ್ತವೆ. ಫೋಟೋ ವಿಷಯವೂ ಹಾಗೇ. ಅಡಗಿದ ಚಿತ್ರವೂ ಡೌನ್‌ಲೋಡ್ ಆಗುತ್ತದೆ, ಬೇಕಾದಾಗ ಮಾತ್ರ ತಾ ಅನ್ನುವ ಲೋಡಿಂಗ್ ಲೇಜಿ ಹಾಕಿದರೆ ಮಾತ್ರ ಕಾಯುತ್ತದೆ. ಅಡಗಿಸಿದ ರೇಟು ಗುಟ್ಟಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಪಾರ್ಸೆಲ್ಲಿನ ಸಗಟು ರೇಟನ್ನು ಅದೇ ಪೇಜಿನಲ್ಲಿ ಅಡಗಿಸಿಡು ಅಂದರು ಮಾಮ, ನಾನು ಖಡಾಖಂಡಿತ ಒಲ್ಲೆ ಅಂದೆ. ಪೇಜಿನ ಸೋರ್ಸ್, ಅಂದರೆ ಹಿಂದಿನ ಕೋಡ್, ತೆರೆದರೆ ಎಲ್ಲ ಎದುರಿಗೇ ಇರುತ್ತದೆ.

ಹೊತ್ತಿಗೆ ಸರಿಯಾಗಿ ಬೆಳಗಿನ ಮೆನು ಊಟಕ್ಕೆ ತಾನೇ ತಿರುಗುತ್ತದಲ್ಲ, ಗಿರಾಕಿಯ ಫೋನಿನ ಗಡಿಯಾರ ತಪ್ಪಿದ್ದರೂ. ಅದನ್ನು ಹೇಗೆ ಮಾಡಿದೆ ಅಂತ ಮಾತ್ರ ಹೇಳುವುದಿಲ್ಲ. ಇನ್ನೆರಡು ಹೋಟೆಲಿನ ಜೊತೆ ಅದರ ಮೇಲೆಯೇ ಮಾತು ನಡೆದಿದೆ.

ಆಷಾಢಿ ಏಕಾದಶಿಯ ದಿನ ಬೆಳಗ್ಗೆ ಏಳಕ್ಕೇ ಹೋಗಿ ಮೂಲೆಯ ಟೇಬಲ್ಲಿನಲ್ಲಿ ಕೂತಿದ್ದೆ. ಹನ್ನೊಂದರ ತನಕ ಅಡುಗೆಮನೆಯಿಂದ ಒಂದು ಪ್ಲೇಟೂ ತಪ್ಪಿ ವಾಪಸ್ ಬರಲಿಲ್ಲ. ಮಾಮ ಬಾಕಿ ಏಳು ಸಾವಿರ ಎಣಿಸಿಕೊಟ್ಟರು, ಮುರಿದುಕೊಂಡ ಎರಡು ಸಾವಿರವನ್ನೂ ಮೇಲಿಟ್ಟರು. ಅಣ್ಣನಿಗೆ ಲಿಂಕ್ ಕಳಿಸಿದೆ. ಸಂಜೆ ಫೋನ್ ಮಾಡಿದ. "ಸಿಎಸ್‌ಎಸ್ ಫೈಲ್ ಒಮ್ಮೆ ಕಳ್ಸು" ಅಂದ.

ಮುಂದಿನದ್ದು ಡೊಂಬಿವಲಿಯ ಒಂದು ಮೀನೂಟದ ಹೋಟೆಲ್. ಇಪ್ಪತ್ತೆರಡು ಸಾವಿರಕ್ಕೆ ಮಾತಾಗಿದೆ. ಶ್ರಾವಣದಲ್ಲಿ ಮೀನು, ಕೋಳಿ, ಮೊಟ್ಟೆ ಎಲ್ಲ ಬೇಡ ಅನ್ನುವ ಗಿರಾಕಿಗಳಿಗೆ ಒಂದು ಬಟನ್ ಬೇಕಂತೆ. ಎಚ್‌ಟಿಎಂಎಲ್ ಟ್ಯಾಗಿಗೆ "ಶ್ರಾವಣ" ಅಂತ ಇನ್ನೊಂದು ಪದ, ಸಿಎಸ್‌ಎಸ್ಸಿಗೆ ಇನ್ನೊಂದು ಸಾಲು. ಪೆನ್ಸಿಲ್ ಹಿಡಿದು ಕೂರಲು ಅಲ್ಲಿನ ಭಟ್ಟರ ಎರಡು ಮಧ್ಯಾಹ್ನ ಈಗಲೇ ಕೇಳಿಟ್ಟಿದ್ದೇನೆ.